ಅಂಗಳದ ಗೆರೆ

ಕುಂಟೆಬಿಲ್ಲೆಯ ಮನೆಗಳನ್ನು ಇದ್ದಿಲಿನಿಂದಲೋ ಸುಣ್ಣದ ಕಲ್ಲಿನಿಂದಲೋ ಅಂಗಳದಲ್ಲಿ ಬರೆದು, ಒಂದು ಕಾಲನ್ನು ಮೇಲೆತ್ತಿ, ಬಿಲ್ಲೆಯನ್ನು ಮನೆಯಿಂದ ಮನೆಗೆ ದಾಟಿಸುವ ಹುಡುಗಿಯರನ್ನು ನೀವೆಲ್ಲ ನೋಡಿಯೇ ಇದ್ದೀರಿ. ಆ ಆಟದಲ್ಲಿ ಗೆರೆ ಇರುವುದು ಆಟದ ಸೊಗಸಿಗಾಗಿ. ಗೆರೆ ತುಳಿದವಳ ಸರದಿ ಹೋಗುತ್ತದೆ; ಸ್ವಲ್ಪ ಹೊತ್ತಿಗೆ ಮರಳಿ ಅವಳ ಸರದಿ ಬರುತ್ತದೆ. ಆದರೆ ಹುಡುಗಿಗೆ ಹನ್ನೆರಡೋ ಹದಿಮೂರೋ ತುಂಬಿತೆಂದರೆ ಮನೆಯ ಹಿರಿಯರು ಕಣ್ಣಿಗೆ ಕಾಣದ ಇನ್ನೊಂದು ಗೆರೆಯನ್ನು ಎಳೆಯುವುದುಂಟು. "ಸಾಕು ಆಟ, ಒಳಗೆ ಬಾ" ಎಂಬ ಮಾತೇ ಆ ಗೆರೆ. ಅದರ ಒಳಗೆ ಹೋದವಳಿಗೆ ಮತ್ತೆ ಸರದಿ ಬರುವುದು ಅಪರೂಪ.

ಈ ಎರಡನೆಯ ಬಗೆಯ ಗೆರೆಯನ್ನು ಆಟದ ನೆಲದ ಮೇಲೆಯೇ ಎದ್ದು ಕಾಣುವಂತೆ ಬರೆದಿಟ್ಟುಕೊಂಡು ಆಡಿದ ಆಟವೊಂದು ಲೋಕದಲ್ಲಿದೆ. ಅದು ಹೆಂಗಸರ ಬ್ಯಾಸ್ಕೆಟ್‌ಬಾಲ್. ಬುಟ್ಟಿ ಚೆಂಡಾಟವೆಂದು ಅದನ್ನು ಕನ್ನಡಿಸಬಹುದು. ಆದರೆ ಶಾಲೆಯ ಮಕ್ಕಳ ಬಾಯಲ್ಲಿ ನೆಲೆಯಾಗಿರುವ ಹೆಸರನ್ನು ಬದಲಾಯಿಸುವ ಅಧಿಕಾರ ಪಂಡಿತರಿಗಿಲ್ಲವಾದ್ದರಿಂದ ಆ ಹೆಸರನ್ನೇ ಇಲ್ಲಿ ಉಳಿಸಿಕೊಂಡಿದ್ದೇನೆ. ಈ ಆಟದ ಇತಿಹಾಸವೆಂದರೆ ನೆಲದ ಮೇಲೆ ಗೆರೆಗಳನ್ನು ಎಳೆದವರ ಮತ್ತು ಅಳಿಸಿದವರ ಇತಿಹಾಸ. ವಿಚಿತ್ರವೆಂದರೆ, ಗೆರೆ ಎಳೆದಾಕೆಯೂ ಈ ಆಟದ ತಾಯಿಯೆಂದು ಗೌರವ ಪಡೆದಿದ್ದಾಳೆ, ಅಳಿಸಿದವರೂ ಪಡೆದಿದ್ದಾರೆ. ಇದು ಹೇಗೆ ನ್ಯಾಯ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಕಥೆಯನ್ನು ಓದಬೇಕೆಂದು ನನ್ನ ಪ್ರಾರ್ಥನೆ.

೧೮೯೧ನೆಯ ಇಸವಿಯ ಡಿಸೆಂಬರ್ ತಿಂಗಳು. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ತರಬೇತಿ ಶಾಲೆ. ಹೊರಗೆ ಹಿಮ, ಮೈದಾನದಲ್ಲಿ ಆಡುವಂತಿಲ್ಲ. ಒಳಗೆ ಬರಿಯ ಅಂಗಸಾಧನೆ ಮಾಡಿ ಬೇಸತ್ತ ಹದಿನೆಂಟು ಮಂದಿ ತರುಣರು. ಅವರನ್ನು ಹತೋಟಿಯಲ್ಲಿಡುವ ಹೊಣೆ ಹೊತ್ತಿದ್ದ ಜೇಮ್ಸ್ ನೈಸ್ಮಿತ್ ಎಂಬ ಕೆನಡಾ ದೇಶದ ಉಪಾಧ್ಯಾಯ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿ, ಹದಿಮೂರು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದ. ಆಟ ಹುಟ್ಟಿತು. ಕೆಲವು ವಾರಗಳಲ್ಲೇ ಹತ್ತಿರದ ಶಾಲೆಯೊಂದರ ಉಪಾಧ್ಯಾಯಿನಿಯರು ಮಧ್ಯಾಹ್ನದ ಬಿಡುವಿನಲ್ಲಿ ಈ ಗದ್ದಲವನ್ನು ಕೇಳಿ ಒಳಬಂದು ನೋಡಿದರು. ತಾವೂ ಆಡಬಹುದೇ ಎಂದು ಕೇಳಿದರು. ನೈಸ್ಮಿತ್ ಆಗಬಹುದೆಂದ. ಮೊದಮೊದಲು ಆಡಿದ ಆ ಹೆಂಗಸರಲ್ಲಿ ಒಬ್ಬಳಾದ ಮಾಡ್ ಶೆರ್ಮನ್ ಮುಂದೆ ಆತನ ಕೈಹಿಡಿದಳು. ಹೀಗೆ ಬ್ಯಾಸ್ಕೆಟ್‌ಬಾಲ್ ಗಂಡಸರಿಗಾಗಿ ಹುಟ್ಟಿದರೂ, ತೊಟ್ಟಿಲಲ್ಲಿರುವಾಗಲೇ ಹೆಂಗಸರ ಕೈ ಸೇರಿತು.

ಸ್ಪ್ರಿಂಗ್‌ಫೀಲ್ಡಿಗೆ ಹತ್ತಿರದಲ್ಲೇ ನಾರ್ತಾಂಪ್ಟನ್ ಎಂಬ ಊರು. ಅಲ್ಲಿ ಹೆಣ್ಣುಮಕ್ಕಳಿಗೆಂದೇ ನಡೆಯುತ್ತಿದ್ದ ಸ್ಮಿತ್ ಕಾಲೇಜು. ಅದೇ ೧೮೯೨ರ ಜನವರಿಯಲ್ಲಿ ಅಲ್ಲಿಗೆ ವ್ಯಾಯಾಮ ಶಿಕ್ಷಕಿಯಾಗಿ ಬಂದವಳು ಸೆಂಡಾ ಬೆರೆನ್‌ಸನ್. ಹುಟ್ಟಿದ್ದು ೧೮೬೮ರಲ್ಲಿ, ಲಿಥುವೇನಿಯಾದ ಒಂದು ಯಹೂದಿ ಮನೆಯಲ್ಲಿ. ಬಾಲ್ಯದಲ್ಲೇ ಕುಟುಂಬದೊಡನೆ ಹಡಗು ಹತ್ತಿ ಬಾಸ್ಟನ್ ನಗರಕ್ಕೆ ಬಂದಳು. ಕಲಾವಿಮರ್ಶಕನೆಂದು ಲೋಕಪ್ರಸಿದ್ಧನಾದ ಬರ್ನಾರ್ಡ್ ಬೆರೆನ್‌ಸನ್ ಆಕೆಯ ಅಣ್ಣ. ಸೆಂಡಾಳದು ಸಣಕಲು ಮೈ. ಪಿಯಾನೋ ಕಲಿಯಬೇಕೆಂಬ ಆಸೆಗೆ ಬೆನ್ನುನೋವು ಅಡ್ಡ ಬಂತು. ಮೈಗೆ ಶಕ್ತಿ ಬರಲೆಂದು ಬಾಸ್ಟನ್ನಿನ ವ್ಯಾಯಾಮ ಶಿಕ್ಷಣ ಶಾಲೆಯನ್ನು ಸೇರಿದಳು. ಮೊದಲು ಹಿಂಸೆಯೆನಿಸಿದ ಅಂಗಸಾಧನೆಯಿಂದ ಕ್ರಮೇಣ ಬಲ ಬಂತು. ಬಲದ ಜೊತೆಗೆ ನಂಬಿಕೆಯೂ ಬಂತು. ದೇಹವೆಂಬುದು ಹೆಣ್ಣಿಗೆ ವಿಧಿ ಕೊಟ್ಟ ಶಿಕ್ಷೆಯಲ್ಲ, ತಿದ್ದಿಕೊಳ್ಳಬಹುದಾದ ಸಾಧನ ಎಂಬುದನ್ನು ಪುಸ್ತಕದಿಂದಲ್ಲ, ಸ್ವಂತ ಬೆನ್ನುಮೂಳೆಯಿಂದ ಕಲಿತವಳು ಆಕೆ.

ನೈಸ್ಮಿತ್‌ನ ಹೊಸ ಆಟದ ವಿಷಯವನ್ನು ಪತ್ರಿಕೆಯಲ್ಲಿ ಓದಿದ ಬೆರೆನ್‌ಸನ್ ತನ್ನ ವಿದ್ಯಾರ್ಥಿನಿಯರಿಗೆ ಅದನ್ನು ಕಲಿಸಿದಳು. ೧೮೯೩ರ ಮಾರ್ಚಿಯಲ್ಲಿ ಕಾಲೇಜಿನ ಮೊದಲ ವರ್ಷದವರಿಗೂ ಎರಡನೆಯ ವರ್ಷದವರಿಗೂ ಪಂದ್ಯ ಏರ್ಪಟ್ಟಿತು. ಗಂಡಸರಿಗೆ ಪ್ರವೇಶವಿಲ್ಲ. ವ್ಯಾಯಾಮಶಾಲೆ ತರಗತಿಗಳ ಬಣ್ಣದ ಪತಾಕೆಗಳಿಂದಲೂ ಹುಡುಗಿಯರ ಕೂಗಿನಿಂದಲೂ ತುಂಬಿಹೋಗಿತ್ತು. ಬೆರೆನ್‌ಸನ್ ಚೆಂಡನ್ನು ಮೇಲಕ್ಕೆಸೆದು ಆಟ ಆರಂಭಿಸಿದಳು. ಆ ಕ್ಷಣದಲ್ಲೇ ಆಕೆಯ ಕೈ ತಗುಲಿ ಮೊದಲ ವರ್ಷದ ತಂಡದ ನಾಯಕಿಯ ತೋಳಿನ ಕೀಲು ಜಾರಿತು! ಹುಡುಗಿಯನ್ನು ಒಳಗೆ ಕರೆದೊಯ್ದು ಕೀಲನ್ನು ಕೂಡಿಸಿದರು, ಬದಲಿಗೆ ಇನ್ನೊಬ್ಬಳು ನಿಂತಳು, ಆಟ ಸಾಗಿತು. ಎರಡನೆಯ ವರ್ಷದವರು ೫-೪ರಿಂದ ಗೆದ್ದರು.

ಈಗ ಗೆರೆಯ ಮಾತಿಗೆ ಬರೋಣ. ಬೆರೆನ್‌ಸನ್ ಆಟದ ನೆಲವನ್ನು ಅಡ್ಡಗೆರೆಗಳಿಂದ ಮೂರು ಭಾಗ ಮಾಡಿದಳು. ಪ್ರತಿಯೊಬ್ಬ ಆಟಗಾರ್ತಿಯೂ ತನಗೆ ಗೊತ್ತುಪಡಿಸಿದ ಭಾಗದಲ್ಲೇ ಇರತಕ್ಕದ್ದು, ಗೆರೆ ದಾಟಕೂಡದು. ಎದುರಾಳಿಯ ಕೈಯಿಂದ ಚೆಂಡನ್ನು ಕಸಿಯಕೂಡದು. ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಚೆಂಡನ್ನು ಹಿಡಿದಿರಕೂಡದು. ಮೂರು ಸಲಕ್ಕಿಂತ ಹೆಚ್ಚಾಗಿ ನೆಲಕ್ಕೆ ಪುಟಿಸಕೂಡದು. ಓಡಾಟ ಕಡಮೆಯಾಗಬೇಕು, ಮೈಗೆ ಮೈ ತಾಗಬಾರದು, ಒಬ್ಬಳೇ ಮೆರೆಯದೆ ಎಲ್ಲರೂ ಕೂಡಿ ಆಡಬೇಕು ಎಂಬುದು ಇವುಗಳ ಹಿಂದಿನ ಉದ್ದೇಶ.

ಇದನ್ನು ಓದಿದೊಡನೆ ಈ ಕಾಲದ ನಮಗೆ ಸಿಟ್ಟು ಬರುವುದು ಸಹಜ. ಆದರೆ ಆ ಕಾಲದ ಹವೆಯನ್ನು ಸ್ವಲ್ಪ ಗಮನಿಸಬೇಕು. ಹೆಣ್ಣು ಹೆಚ್ಚು ಓದಿದರೆ ಅವಳ ನರಗಳು ಸೋಲುತ್ತವೆ, ಹೆಚ್ಚು ಓಡಿದರೆ ಅವಳ ಗರ್ಭಕ್ಕೆ ಕೇಡು ಎಂದು ದೊಡ್ಡ ದೊಡ್ಡ ವೈದ್ಯರೇ ಹೇಳುತ್ತಿದ್ದ ಕಾಲ ಅದು. ಹುಡುಗಿಯರು ಕಾಲೇಜಿಗೆ ಹೋಗುವುದೇ ಒಂದು ಸಾಹಸ. ಅಂಥಲ್ಲಿ, ಕೂದಲು ಕೆದರಿಕೊಂಡು ನೂಕಾಡುವ ಹುಡುಗಿಯರನ್ನು ಕಂಡಿದ್ದರೆ ತಂದೆತಾಯಿಗಳೂ ಆಡಳಿತದವರೂ ಆಟವನ್ನೇ ನಿಲ್ಲಿಸಿಬಿಡುತ್ತಿದ್ದರು. ಗೆರೆ ಎಳೆದದ್ದರಿಂದ ಬೆರೆನ್‌ಸನ್ ಬಾಗಿಲನ್ನು ಮುಚ್ಚಲಿಲ್ಲ. ಮುಚ್ಚಿಹೋಗುತ್ತಿದ್ದ ಬಾಗಿಲಿಗೆ ಒಂದು ಕಲ್ಲನ್ನು ಅಡ್ಡವಿಟ್ಟಳು. ೧೮೯೯ರಲ್ಲಿ ಹೆಂಗಸರ ನಿಯಮಗಳನ್ನು ಒಂದುಗೂಡಿಸಲು ಸಮಿತಿಯಾಯಿತು. ೧೯೦೧ರಿಂದ ಆಕೆಯ ಸಂಪಾದಕತ್ವದಲ್ಲಿ ನಿಯಮಗಳ ಪುಸ್ತಕ ಅಚ್ಚಾಗುತ್ತ ಬಂತು. ಊರೂರಿನ ಶಾಲೆಗಳು ಅದನ್ನು ನೋಡಿ ಹೆಣ್ಣುಮಕ್ಕಳಿಗೆ ಚೆಂಡು ಕೊಟ್ಟವು. ದಕ್ಷಿಣದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಕ್ಲಾರಾ ಬೇರ್ ಎಂಬ ಶಿಕ್ಷಕಿ ೧೮೯೫ರಲ್ಲೇ ತನ್ನದೇ ಆದ ನಿಯಮಗಳನ್ನು ಅಚ್ಚು ಹಾಕಿಸಿದ್ದಳು. ಆಕೆಯ ಅಂಗಳದಲ್ಲಿ ಗೆರೆಗಳು ಇನ್ನೂ ಹೆಚ್ಚು. ಯಾರು ಎಲ್ಲಿ ನಿಂತರೆ ಚೆನ್ನ ಎಂದು ನೈಸ್ಮಿತ್ ಚಿತ್ರದಲ್ಲಿ ಗುರುತಿಸಿದ್ದ ರೇಖೆಗಳನ್ನು ದಾಟಕೂಡದ ಎಲ್ಲೆಗಳೆಂದು ಆಕೆ ತಿಳಿದುಕೊಂಡಳೆಂದು ಹೇಳುವುದುಂಟು. ಸಲಹೆಯೊಂದು ಕಟ್ಟಳೆಯಾಗುವುದು ಎಷ್ಟು ಸುಲಭ ನೋಡಿ!

ಗೆರೆಯೊಳಗೇ ಆದರೂ ಆಟದ ಕಾವು ಏರುತ್ತ ಹೋಯಿತು. ೧೮೯೬ರ ಏಪ್ರಿಲ್ ೪ರಂದು ಪಶ್ಚಿಮ ತೀರದ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳ ಹುಡುಗಿಯರು ಎದುರುಬದುರಾದರು. ಎರಡು ವಿದ್ಯಾಸಂಸ್ಥೆಗಳ ಹೆಣ್ಣು ತಂಡಗಳು ಪರಸ್ಪರ ಆಡಿದ ಮೊದಲ ಪಂದ್ಯಗಳಲ್ಲಿ ಇದು ಹೆಸರಾದುದು. ನೋಡಲು ಬಂದವರೆಲ್ಲ ಹೆಂಗಸರೇ. ಪತ್ರಿಕೆಗಳೂ ವರದಿಗೆ ಹೆಂಗಸರನ್ನೇ ಕಳುಹಿಸಬೇಕಾಯಿತು. ಸ್ಟ್ಯಾನ್‌ಫರ್ಡಿನವರು ಗೆದ್ದರು, ಅಂಕ ೨-೧. ಇಂದು ಒಂದು ನಿಮಿಷದಲ್ಲಿ ಬರುವಷ್ಟು ಅಂಕಗಳು ಅಂದು ಇಡೀ ಪಂದ್ಯಕ್ಕೆ ಬಂದವು. ಆದರೆ ಬುಟ್ಟಿಗೆ ಬಿದ್ದ ಚೆಂಡುಗಳನ್ನು ಎಣಿಸಿ ಆ ದಿನದ ಬೆಲೆ ಕಟ್ಟುವಂತಿಲ್ಲ.

ಕಾಲೇಜಿನ ಹುಡುಗಿಯರಿಗೆ ಬೆನ್ನಿಗೆ ಹಣವಂತ ಮನೆಗಳಾದರೂ ಇದ್ದವು. ಏನೂ ಇಲ್ಲದವರ ಕಥೆಯನ್ನೂ ಕೇಳಿ. ಮೊಂಟಾನಾ ಸಂಸ್ಥಾನದ ಫೋರ್ಟ್ ಷಾ ಎಂಬಲ್ಲಿ ಅಮೆರಿಕದ ಮೂಲನಿವಾಸಿಗಳ ಮಕ್ಕಳಿಗಾಗಿ ಸರಕಾರ ನಡೆಸುತ್ತಿದ್ದ ವಸತಿಶಾಲೆಯಿತ್ತು. ಇಂಥ ಶಾಲೆಗಳ ಉದ್ದೇಶ ಆ ಮಕ್ಕಳಿಂದ ತಾಯಿನುಡಿಯನ್ನೂ ಉಡುಗೆಯನ್ನೂ ಕುಲಾಚಾರವನ್ನೂ ಬಿಡಿಸುವುದಾಗಿತ್ತು. ಭಾಷೆಯನ್ನು ಕಲಿಸಿ ಬದುಕುವ ನನ್ನಂಥವನಿಗೆ ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಬೇರೆ ಬೇರೆ ಬುಡಕಟ್ಟುಗಳಿಂದ ಬಂದ ಆ ಹುಡುಗಿಯರಿಗೆ ಚೆಂಡೊಂದು ಸಿಕ್ಕಿತು. ಮಿನ್ನಿ ಬರ್ಟನ್, ಬೆಲ್ ಜಾನ್ಸನ್, ಎಮ್ಮಾ ಸಾನ್ಸವರ್ ಮೊದಲಾದವರ ತಂಡ ಮೊಂಟಾನಾದ ಕಾಲೇಜು ತಂಡಗಳನ್ನೇ ಸೋಲಿಸಿತು. ೧೯೦೪ರಲ್ಲಿ ಸೇಂಟ್ ಲೂಯಿಸ್ ನಗರದ ವಿಶ್ವಪ್ರದರ್ಶನದಲ್ಲಿ ಈ ಹುಡುಗಿಯರನ್ನು 'ನಾಗರಿಕರಾದ ಇಂಡಿಯನ್ನರು' ಎಂದು ಬೇಸಗೆಯುದ್ದಕ್ಕೂ ಜನರಿಗೆ ತೋರಿಸಲಾಯಿತು. ತೋರಿಕೆಯ ಬೊಂಬೆಗಳಾಗಿ ಹೋದವರು ಗೆದ್ದವರಾಗಿ ಹಿಂದಿರುಗಿದರು; ತಮಗೆ ಸವಾಲು ಹಾಕಿದ ಮಿಸ್ಸೂರಿಯ ಆಯ್ದ ತಂಡವನ್ನು ಸೋಲಿಸಿ ಪ್ರದರ್ಶನದ ಚಾಂಪಿಯನ್ನರೆನಿಸಿದರು. ಅವರ ಊರಿನಲ್ಲಿ ಅವರಿಗೊಂದು ಸ್ಮಾರಕ ಎದ್ದದ್ದು ೨೦೦೪ರಲ್ಲಿ; ಸರಿಯಾಗಿ ನೂರು ವರ್ಷಕ್ಕೆ.

ಇನ್ನು ನಮ್ಮಂಥ ಉಪಾಧ್ಯಾಯರ ಎದೆ ಹಿಗ್ಗಿಸುವ ಒಂದು ಪ್ರಕರಣ. ಅದಕ್ಕೆ ಗಡಿ ದಾಟಿ ಕೆನಡಾಕ್ಕೆ ಹೋಗಬೇಕು. ಎಡ್ಮಂಟನ್ ನಗರದ ಮೆಕ್‌ಡೂಗಲ್ ವಾಣಿಜ್ಯ ಪ್ರೌಢಶಾಲೆಯಲ್ಲಿ ಪರ್ಸಿ ಪೇಜ್ ಎಂಬ ಮೇಷ್ಟ್ರು ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿದ್ದ. ೧೯೧೫ರಲ್ಲಿ ಶಾಲೆ ಮುಗಿಸಿದ ಹುಡುಗಿಯರು, "ಮೇಷ್ಟ್ರೇ, ನಾವು ಆಟ ಬಿಡುವುದಿಲ್ಲ" ಎಂದು ನಿಂತರೆನ್ನಬೇಕು. ಹಳೆಯ ವಿದ್ಯಾರ್ಥಿನಿಯರದೇ ತಂಡವೊಂದು ಆಯಿತು. ಇದೇ ಎಡ್ಮಂಟನ್ ಗ್ರ್ಯಾಡ್ಸ್. ಹಗಲೆಲ್ಲ ಕಚೇರಿಯಲ್ಲಿ ಬೆರಳಚ್ಚು, ಅಂಗಡಿಯಲ್ಲಿ ಲೆಕ್ಕ, ಶಾಲೆಯಲ್ಲಿ ಪಾಠ, ಸಂಜೆ ಅಭ್ಯಾಸ. ಆಟಕ್ಕಾಗಿ ಒಂದು ಕಾಸಿನ ಸಂಬಳವಿಲ್ಲ. ಮೂರು ಭಾಗದ ಗೆರೆಗಳನ್ನು ಬದಿಗಿಟ್ಟು ಗಂಡಸರ ನಿಯಮದಂತೆ ಇಡೀ ಅಂಗಳದಲ್ಲಿ ಓಡಿ ಆಡುವುದರಲ್ಲಿ ಅವರು ನುರಿತರು. ೧೯೪೦ರಲ್ಲಿ ಯುದ್ಧಕಾಲದ ಒತ್ತಡದಿಂದ ತಂಡ ವಿಸರ್ಜನೆಯಾಗುವ ತನಕ, ಇಪ್ಪತ್ತೈದು ವರ್ಷಗಳಲ್ಲಿ ಅವರು ೫೦೨ ಪಂದ್ಯಗಳನ್ನು ಗೆದ್ದು ೨೦ನ್ನು ಮಾತ್ರ ಸೋತರೆಂಬುದು ರೂಢಿಯ ಲೆಕ್ಕ. ಇಷ್ಟು ಕಾಲದಲ್ಲಿ ತಂಡಕ್ಕೆ ಆಡಿದವರು ಒಟ್ಟು ೩೮ ಮಂದಿ. ಬಹುಮಟ್ಟಿಗೆ ಎಲ್ಲರೂ ಅದೇ ಶಾಲೆಯವರು. ೧೯೨೪ರಿಂದ ೧೯೩೬ರ ವರೆಗೆ ಒಲಿಂಪಿಕ್ಸ್ ನಡೆದಾಗಲೆಲ್ಲ ಅವರು ಪ್ರದರ್ಶನ ಪಂದ್ಯಗಳನ್ನಾಡಿ ಗೆದ್ದರು. ಪದಕವಿಲ್ಲ, ಏಕೆಂದರೆ ಹೆಂಗಸರ ಬ್ಯಾಸ್ಕೆಟ್‌ಬಾಲಿಗೆ ಒಲಿಂಪಿಕ್ಸಿನಲ್ಲಿ ಸ್ಥಾನವೇ ಇರಲಿಲ್ಲ. ಪೇಜ್ ಮೇಷ್ಟ್ರು ಮುಂದೆ ಆಲ್ಬರ್ಟಾ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಆದ.

ಹೀಗೆ ಓಡಿದರೂ ಹೆಣ್ಣಿನ ಮೈ ಮುರಿಯುವುದಿಲ್ಲವೆಂದು ಲೋಕ ಕಣ್ಣಾರೆ ಕಂಡಿತ್ತು. ಆದರೂ ಕಂಡದ್ದನ್ನು ಒಪ್ಪದಿರುವ ಶಕ್ತಿ ಮನುಷ್ಯನಿಗೆ ದೊಡ್ಡದು. ೧೯೨೩ರಲ್ಲಿ ಅಮೆರಿಕದ ರಾಜಧಾನಿಯಲ್ಲಿ ಲೂ ಹೆನ್ರಿ ಹೂವರ್ ಎಂಬ ಗೌರವಾನ್ವಿತ ಮಹಿಳೆಯ ನೇತೃತ್ವದಲ್ಲಿ ಹೆಂಗಸರ ಕ್ರೀಡೆಯ ಬಗ್ಗೆ ಸಮ್ಮೇಳನ ಸೇರಿತು. ಪ್ರತಿಯೊಬ್ಬ ಹುಡುಗಿಗೂ ಆಟ ಸಿಗಬೇಕೆಂಬ ಅದರ ಆಶಯ ಉದಾತ್ತವಾದುದೇ. ಆದರೆ ಅದಕ್ಕೆ ಅವರು ಕಂಡ ಮಾರ್ಗ, ತೀವ್ರ ಸ್ಪರ್ಧೆ ಬೇಡವೆಂಬುದು. ಹಲವು ಕಾಲೇಜುಗಳ ಹುಡುಗಿಯರನ್ನು ಕಲಸಿ ತಂಡ ಕಟ್ಟಿ, ಯಾರ ಕಾಲೇಜೂ ಗೆಲ್ಲದಂತೆ ಸೋಲದಂತೆ ಆಡಿಸಿ, ತಿಂಡಿ ಕೊಟ್ಟು ಕಳುಹಿಸುವ 'ಆಟದ ದಿನ'ಗಳು ಬಂದವು. ನೆಲದ ಮೇಲಿದ್ದ ಗೆರೆ ಈಗ ಅಂಗಳದ ಸುತ್ತಲೂ ಬೇಲಿಯಾಯಿತು. ಇದನ್ನು ಮಾಡಿದವರಲ್ಲಿ ಬಹುಮಂದಿ ಹೆಣ್ಣುಮಕ್ಕಳ ಹಿತವನ್ನು ಬಯಸಿದ ವಿದ್ಯಾವಂತ ಸ್ತ್ರೀಯರೇ ಎಂಬುದನ್ನು ಮರೆಯಬಾರದು. ಅಹಿತವನ್ನು ಬಯಸುವವರ ಬೇಲಿಯನ್ನು ಕಿತ್ತೆಸೆಯುವುದು ಸುಲಭ. ಹಿತೈಷಿಗಳ ಬೇಲಿಯನ್ನು ಕೀಳುವುದು ಕಷ್ಟ.

ಆ ಬೇಲಿಯ ಪೆಟ್ಟು ಒಬ್ಬ ಹುಡುಗಿಯ ಬಾಳಿನಲ್ಲಿ ಹೇಗೆ ಬಿತ್ತೆಂದು ನೋಡಿ. ಮಿಸಿಸಿಪ್ಪಿಯ ಡೆಲ್ಟಾ ಸ್ಟೇಟ್ ಕಾಲೇಜಿನಲ್ಲಿ ಮಾರ್ಗರೆಟ್ ವೇಡ್ ತಂಡದ ನಾಯಕಿ. ೧೯೩೨ರಲ್ಲಿ, ಈ ಆಟ ಕುಲಸ್ತ್ರೀಯರಿಗೆ ಹೇಳಿಸಿದ್ದಲ್ಲವೆಂದು ಕಾಲೇಜಿನವರು ತಂಡವನ್ನೇ ರದ್ದುಮಾಡಿದರು. ವೇಡ್ ಮತ್ತು ಆಕೆಯ ಗೆಳತಿಯರು ಅತ್ತರು. ತಮ್ಮ ಆಟದ ಉಡುಪುಗಳನ್ನು ರಾಶಿ ಹಾಕಿ ಸುಟ್ಟುಬಿಟ್ಟರು. ವೇಡ್ ಮುಂದೆ ಪ್ರೌಢಶಾಲೆಯಲ್ಲಿ ಉಪಾಧ್ಯಾಯಿನಿಯಾಗಿ ಹುಡುಗಿಯರಿಗೆ ಅದೇ ಆಟವನ್ನು ವರ್ಷಾನುಗಟ್ಟಲೆ ಕಲಿಸಿದಳು. ಆಕೆಯನ್ನು ನಾವು ಮತ್ತೆ ಕಾಣುವೆವು.

ಬಿಳಿಯರ ಕಾಲೇಜುಗಳು ಹೀಗೆ ಬಾಗಿಲು ಹಾಕಿಕೊಂಡಿದ್ದ ದಿನಗಳಲ್ಲಿ ಕಪ್ಪು ಜನಾಂಗದ ಹೆಣ್ಣುಮಕ್ಕಳು ತಮ್ಮದೇ ತಂಡಗಳನ್ನು ಕಟ್ಟಿದರು. ಫಿಲಡೆಲ್ಫಿಯಾದ ಪತ್ರಿಕೆಯೊಂದು ಪೋಷಿಸಿದ ಟ್ರಿಬ್ಯೂನ್ಸ್ ತಂಡದಲ್ಲಿ ಓರಾ ವಾಷಿಂಗ್ಟನ್ ಎಂಬಾಕೆ ಇದ್ದಳು. ಟೆನಿಸ್ಸಿನಲ್ಲಿ ಕಪ್ಪು ಜನಾಂಗದವರ ರಾಷ್ಟ್ರೀಯ ಸಿಂಗಲ್ಸ್ ಪ್ರಶಸ್ತಿಯನ್ನು ಎಂಟು ಸಲ ಗೆದ್ದವಳು. ಚಳಿಗಾಲ ಬಂದರೆ ಬ್ಯಾಸ್ಕೆಟ್‌ಬಾಲ್. ೧೯೩೪ರಲ್ಲಿ ಬೆನೆಟ್ ಕಾಲೇಜಿನ ಪ್ರಬಲ ತಂಡದೊಡನೆ ನಡೆದ ಮೂರು ಪಂದ್ಯಗಳನ್ನೂ ಆಕೆಯ ತಂಡ ಗೆದ್ದಿತು. ಇಷ್ಟಾದರೂ ಆಕೆಯ ಜೀವನೋಪಾಯ ಶ್ರೀಮಂತರ ಮನೆಗೆಲಸ. ೧೯೭೧ರಲ್ಲಿ ಸದ್ದಿಲ್ಲದೆ ತೀರಿಕೊಂಡಳು. ೧೯೭೬ರಲ್ಲಿ ಕಪ್ಪು ಕ್ರೀಡಾಪಟುಗಳ ಗೌರವಮಂದಿರವೊಂದಕ್ಕೆ ಆಕೆಯನ್ನು ಸೇರಿಸಿದಾಗ, ಸನ್ಮಾನಕ್ಕೆ ಆಕೆ ಏಕೆ ಬರಲಿಲ್ಲವೆಂದು ಏರ್ಪಾಟು ಮಾಡಿದವರು ಕಾದರಂತೆ. ಐದು ವರ್ಷ ಮೊದಲೇ ಸತ್ತಿದ್ದಾಳೆಂಬುದು ಅವರಿಗೆ ಗೊತ್ತಿರಲಿಲ್ಲ. ಬ್ಯಾಸ್ಕೆಟ್‌ಬಾಲಿನ ಮುಖ್ಯ ಗೌರವಮಂದಿರ ಆಕೆಯನ್ನು ನೆನೆದದ್ದು ೨೦೧೮ರಲ್ಲಿ. ಬದುಕಿದ್ದಾಗ ಒಂದು ಮಾಲೆ, ಸತ್ತ ಮೇಲೆ ನೂರು ಮಾಲೆ ಎಂದು ನಾವು ನಮ್ಮ ಕವಿಗಳ ಬಗ್ಗೆ ಹಲುಬುವುದುಂಟು. ಈಕೆಗೆ ಆ ಒಂದು ಮಾಲೆ ಬಿದ್ದಾಗಲೂ ಕೊರಳು ಇರಲಿಲ್ಲ.

ಗೆರೆಗಳ ಒಳಗೇ ಬೆಳೆದ ಬೆಳೆಯನ್ನೂ ನಾವು ಕಡೆಗಣಿಸಬಾರದು. ಮೂರು ಭಾಗದ ಅಂಗಳ ಕ್ರಮೇಣ ಎರಡು ಭಾಗವಾಯಿತು. ತಂಡಕ್ಕೆ ಆರು ಮಂದಿ. ಮೂವರು ಚೆಂಡು ಹಾಕುವವರು, ಮೂವರು ಕಾಯುವವರು. ನಡುಗೆರೆಯನ್ನು ಯಾರೂ ದಾಟುವಂತಿಲ್ಲ. ಅಯೋವಾ ಸಂಸ್ಥಾನದ ರೈತರ ಹಳ್ಳಿಗಳಲ್ಲಿ ಈ ಆರು ಮಂದಿಯ ಆಟ ಊರ ಹಬ್ಬವೇ ಆಗಿಬಿಟ್ಟಿತು. ೧೯೨೦ರಲ್ಲಿ ಆರಂಭವಾದ ಶಾಲಾ ಹುಡುಗಿಯರ ಪಂದ್ಯಾವಳಿಯನ್ನು ಮುಂದೆ ಜನ ಬಾನುಲಿಯ ಸುತ್ತ ಕುಳಿತು ಕೇಳುತ್ತಿದ್ದರು. ಆರು ಮಂದಿಯ ಆಟ ಅಲ್ಲಿ ನಿಂತದ್ದು ೧೯೯೩ರಲ್ಲಿ. ಓಕ್ಲಹೋಮಾದ ಬಿಂಗ್ ಎಂಬ ಪುಟ್ಟ ಊರಿನ ಶಾಲೆಯಲ್ಲಿ ಬರ್ಥಾ ಟೀಗ್ ಎಂಬ ಶಿಕ್ಷಕಿ ೧೯೨೭ರಿಂದ ೧೯೬೯ರ ವರೆಗೆ ಹುಡುಗಿಯರನ್ನು ತರಬೇತು ಮಾಡಿ ೧,೧೫೭ ಪಂದ್ಯಗಳನ್ನು ಗೆಲ್ಲಿಸಿದಳು, ಸೋತದ್ದು ೧೧೫. ಕಾಲೇಜುಗಳು ಸ್ಪರ್ಧೆಗೆ ಅಂಜುತ್ತಿದ್ದಾಗ ಆಟದ ಬೀಜ ಒಣಗದಂತೆ ಕಾದವರು ಇಂಥ ಹಳ್ಳಿಶಾಲೆಯ ಮೇಷ್ಟ್ರುಗಳು, ಮೇಡಮ್ಮುಗಳು.

ಗೆರೆ ಅಳಿಸಿದ ವರ್ಷವನ್ನು ಗುರುತಿಟ್ಟುಕೊಳ್ಳಿ: ೧೯೭೧. ಕಾಲೇಜು ಹೆಣ್ಣುಮಕ್ಕಳ ಆಟದಲ್ಲಿ ತಂಡಕ್ಕೆ ಐದು ಮಂದಿ, ಎಲ್ಲರಿಗೂ ಇಡೀ ಅಂಗಳ ಎಂಬ ನಿಯಮ ಆಗ ಸ್ಥಿರವಾಯಿತು. ಬೆರೆನ್‌ಸನ್ನಳ ಮೊದಲ ಪಂದ್ಯದಿಂದ ಎಣಿಸಿದರೆ ಎಪ್ಪತ್ತೆಂಟು ವರ್ಷ. ಮರುವರ್ಷವೇ, ಅಂದರೆ ೧೯೭೨ರ ಜೂನ್ ೨೩ರಂದು, ಸರಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಗಂಡುಹೆಣ್ಣೆಂಬ ಭೇದ ಮಾಡಕೂಡದೆಂಬ 'ಒಂಬತ್ತನೆಯ ಪ್ರಕರಣ' ಅಮೆರಿಕದಲ್ಲಿ ಶಾಸನವಾಯಿತು. ಆ ಶಾಸನದ ಮುಖ್ಯ ವಾಕ್ಯದಲ್ಲಿ ಕ್ರೀಡೆಯೆಂಬ ಮಾತೇ ಇಲ್ಲ. ಆದರೂ ಹುಡುಗಿಯರ ಕ್ರೀಡೆಗೆ ಅದರಷ್ಟು ನೀರೆರೆದದ್ದು ಇನ್ನೊಂದಿಲ್ಲ.

ಈಗ ಮಾರ್ಗರೆಟ್ ವೇಡ್. ೧೯೭೩ರಲ್ಲಿ ಡೆಲ್ಟಾ ಸ್ಟೇಟ್ ಮತ್ತೆ ಹೆಣ್ಣುಮಕ್ಕಳ ತಂಡವನ್ನು ಕಟ್ಟಿತು. ತರಬೇತಿಗೆ ಯಾರು? ನಲವತ್ತೊಂದು ವರ್ಷದ ಹಿಂದೆ ಉಡುಪು ಸುಟ್ಟಿದ್ದ ವೇಡ್! ವಯಸ್ಸು ಅರುವತ್ತು ದಾಟಿತ್ತು. ೧೯೭೫, ೧೯೭೬, ೧೯೭೭: ಸಾಲಾಗಿ ಮೂರು ವರ್ಷ ಆಕೆಯ ತಂಡ ರಾಷ್ಟ್ರದ ಚಾಂಪಿಯನ್ ಆಯಿತು. ಆ ತಂಡದ ಬೆನ್ನೆಲುಬು ಲೂಸಿಯಾ ಹ್ಯಾರಿಸ್. ಹತ್ತಿಯ ಹೊಲದ ನಡುವೆ, ಹನ್ನೊಂದು ಮಕ್ಕಳ ಬಡಕುಟುಂಬದಲ್ಲಿ ಬೆಳೆದ ಕಪ್ಪು ಹುಡುಗಿ. ಆರಡಿ ಮೂರಂಗುಲ ಎತ್ತರ. ೧೯೭೬ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹೆಂಗಸರ ಬ್ಯಾಸ್ಕೆಟ್‌ಬಾಲಿಗೆ ಮೊಟ್ಟಮೊದಲು ಸ್ಥಾನ ಸಿಕ್ಕಾಗ, ಒಲಿಂಪಿಕ್ಸಿನ ಮೊದಲ ಅಂಕಗಳನ್ನು ಗಳಿಸಿದವಳು ಈಕೆ. ಆ ಪಂದ್ಯದಲ್ಲಿ ಗೆದ್ದದ್ದು ಮಾತ್ರ ಎದುರಾಳಿ ಜಪಾನ್. ಚಿನ್ನ ಸೋವಿಯತ್ ದೇಶಕ್ಕೆ, ಬೆಳ್ಳಿ ಅಮೆರಿಕಕ್ಕೆ, ಕಂಚು ಬಲ್ಗೇರಿಯಾಕ್ಕೆ. ಚಿನ್ನ ಗೆದ್ದ ತಂಡದಲ್ಲಿ ಲಾಟ್ವಿಯಾದ ಉಲ್ಯಾನಾ ಸೆಮ್ಯೊನೊವಾ ಇದ್ದಳು. ಏಳಡಿಯ ಆಸುಪಾಸಿನ ಎತ್ತರ. ಹದಿನೆಂಟು ವರ್ಷ ಸೋವಿಯತ್ ತಂಡಕ್ಕೆ ಆಡಿ, ಅಧಿಕೃತ ಅಂತರರಾಷ್ಟ್ರೀಯ ಪಂದ್ಯವೊಂದನ್ನೂ ಸೋಲದವಳೆಂದು ಆಕೆಯ ಕೀರ್ತಿ.

ಹ್ಯಾರಿಸ್‌ಳನ್ನು ೧೯೭೭ರಲ್ಲಿ ಗಂಡಸರ ವೃತ್ತಿತಂಡವಾದ ನ್ಯೂ ಆರ್ಲಿಯನ್ಸ್ ಜಾಝ್ ಆರಿಸಿಕೊಂಡಿತು. ಆಕೆ ಹೋಗಲಿಲ್ಲ. ಹೆಂಗಸರಿಗೆ ನೆಲೆನಿಂತ ವೃತ್ತಿಕ್ಷೇತ್ರವೇ ಇಲ್ಲದ ಕಾಲ, ಡಬ್ಲ್ಯು.ಎನ್.ಬಿ.ಎ. ಪಂದ್ಯಗಳು ಆರಂಭವಾದದ್ದು ೧೯೯೭ರಲ್ಲಿ. ಇಪ್ಪತ್ತು ವರ್ಷ ಮೊದಲೇ ಹುಟ್ಟಿದ್ದು ಆಕೆಯ ತಪ್ಪೇ? ೨೦೨೨ರ ಜನವರಿಯಲ್ಲಿ ಆಕೆ ತೀರಿಕೊಂಡಳು. ಆಕೆಯನ್ನು ಕುರಿತ ಕಿರುಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಬಂದದ್ದು ಅದೇ ವರ್ಷದ ಮಾರ್ಚಿಯಲ್ಲಿ.

ಮಾಂಟ್ರಿಯಲ್ಲಿನ ಆ ಬೆಳ್ಳಿಯ ತಂಡದಲ್ಲಿ ಹ್ಯಾರಿಸ್ ಜೊತೆಗಿದ್ದ ಇನ್ನೊಬ್ಬಳು ಪ್ಯಾಟ್ ಸಮಿಟ್. ಟೆನೆಸಿಯ ರೈತನ ಮಗಳು. ೧೯೭೪ರಲ್ಲಿ ಇಪ್ಪತ್ತೆರಡರ ಹರೆಯದಲ್ಲೇ ಟೆನೆಸಿ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ತಂಡಕ್ಕೆ ಮುಖ್ಯ ತರಬೇತುದಾರಳಾದಳು. ತಿಂಗಳಿಗೆ ೨೫೦ ಡಾಲರ್ ಸಂಬಳ. ಆಟಗಾರ್ತಿಯರ ಉಡುಪನ್ನು ತಾನೇ ಒಗೆದಳು. ಪರಊರಿಗೆ ಹೋಗುವ ಗಾಡಿಯನ್ನು ತಾನೇ ನಡೆಸಿದಳು. ಮೂವತ್ತೆಂಟು ವರ್ಷಗಳಲ್ಲಿ ೧,೦೯೮ ಪಂದ್ಯಗಳ ಗೆಲವು, ಎಂಟು ರಾಷ್ಟ್ರೀಯ ಪ್ರಶಸ್ತಿ. ೧೯೮೪ರಲ್ಲಿ ಆಕೆ ತರಬೇತು ಮಾಡಿದ ಅಮೆರಿಕದ ತಂಡಕ್ಕೆ ಒಲಿಂಪಿಕ್ ಚಿನ್ನ. ಇವೆಲ್ಲಕ್ಕಿಂತ ಮೇಷ್ಟ್ರುಗಳು ತಲೆದೂಗಬೇಕಾದ ಸಂಗತಿ ಬೇರೊಂದಿದೆ. ಆಕೆಯ ಕೈಕೆಳಗೆ ಅವಧಿ ಪೂರ್ತಿ ಆಡಿದ ಹುಡುಗಿಯರೆಲ್ಲರೂ ಪದವಿ ಪಡೆದರು. ೨೦೧೧ರಲ್ಲಿ ಮರೆವಿನ ರೋಗ ತಗುಲಿದೆಯೆಂದು ತಿಳಿದಾಗ ಆಕೆ ಅದನ್ನು ಮುಚ್ಚಿಡದೆ ಲೋಕಕ್ಕೆ ಹೇಳಿ, ಇನ್ನೊಂದು ವರ್ಷ ಅಂಗಳದ ಬದಿಯಲ್ಲಿ ನಿಂತಳು. ೨೦೧೬ರಲ್ಲಿ ತೀರಿಕೊಂಡಳು. ಕೊನೆಗೆ ಆಕೆ ಮರೆತದ್ದನ್ನೆಲ್ಲ ಆಕೆಯ ಶಿಷ್ಯೆಯರು ನೆನಪಿಟ್ಟಿದ್ದಾರೆ.

ಇಷ್ಟು ಮಂದಿಗೆ ಲೋಕ ಗೌರವ ಕೊಟ್ಟಿತೇ? ಕೊಟ್ಟಿತು, ಆದರೆ ನಿಧಾನವಾಗಿ. ನೈಸ್ಮಿತ್ ಹೆಸರಿನ ಗೌರವಮಂದಿರ ಮೊದಲ ಪಟ್ಟಿಯನ್ನು ಹೊರಡಿಸಿದ್ದು ೧೯೫೯ರಲ್ಲಿ. ಇಪ್ಪತ್ತಾರು ವರ್ಷಗಳ ಅನಂತರ, ೧೯೮೫ರಲ್ಲಿ, ಅದರೊಳಗೆ ಮೊದಲ ಬಾರಿಗೆ ಹೆಂಗಸರು ಕಾಲಿಟ್ಟರು: ಸೆಂಡಾ ಬೆರೆನ್‌ಸನ್, ಬರ್ಥಾ ಟೀಗ್, ಮಾರ್ಗರೆಟ್ ವೇಡ್. ೧೯೯೨ರಲ್ಲಿ ಲೂಸಿಯಾ ಹ್ಯಾರಿಸ್, ೧೯೯೩ರಲ್ಲಿ ಸೆಮ್ಯೊನೊವಾ ಸೇರಿದರು. ೧೯೯೯ರಲ್ಲಿ ಟೆನೆಸಿಯ ನಾಕ್ಸ್‌ವಿಲ್ ನಗರದಲ್ಲಿ ಹೆಂಗಸರ ಬ್ಯಾಸ್ಕೆಟ್‌ಬಾಲಿಗೆಂದೇ ಪ್ರತ್ಯೇಕ ಗೌರವಮಂದಿರ ಎದ್ದಿತು. ಅದರ ಮೇಲೆ ಮೂವತ್ತಡಿಯ ದೊಡ್ಡದೊಂದು ಚೆಂಡನ್ನು ಕೂರಿಸಿದ್ದಾರೆ. ಆ ಮೊದಲ ವರ್ಷವೇ ಬೆರೆನ್‌ಸನ್, ವೇಡ್, ಹ್ಯಾರಿಸ್, ಸಮಿಟ್ ಒಂದೇ ಸೂರಿನಡಿ ಬಂದರು. ಗೆರೆ ಎಳೆದವಳು, ಗೆರೆಯ ಪೆಟ್ಟು ತಿಂದವಳು, ಗೆರೆ ಅಳಿದ ಮೇಲೆ ಅಂಗಳ ತುಂಬ ಓಡಿದವಳು, ಆ ಓಟಕ್ಕೆ ಶಾಸ್ತ್ರ ಬರೆದವಳು: ನಾಲ್ವರೂ ಒಂದೇ ಸಾಲಿನಲ್ಲಿ.

ಈಗ ಆರಂಭದ ಪ್ರಶ್ನೆಗೆ ಬರೋಣ. ಗೆರೆ ಎಳೆದವಳಿಗೆ ಪೂಜೆ ಸಲ್ಲಬಹುದೇ? ನನಗೆ ತೋರುವ ಉತ್ತರ ಇಷ್ಟು. ಸಸಿಗೆ ಕಟ್ಟುವ ಮುಳ್ಳಿನ ಬೇಲಿ ಒಳ್ಳೆಯದು. ಗಿಡ ಮರವಾದ ಮೇಲೂ ಅದನ್ನು ಬಿಚ್ಚದೆ ಬಿಟ್ಟರೆ ಕಾಂಡವನ್ನೇ ಕೊರೆಯುತ್ತದೆ. ಬೇಲಿ ಕಟ್ಟಿದವಳದು ತಪ್ಪಲ್ಲ. ಬಿಚ್ಚುವ ಹೊತ್ತನ್ನು ಅರಿಯದೆ ಅದನ್ನೇ ಧರ್ಮವೆಂದು ಕಾದವರದು ತಪ್ಪು. ಬೆರೆನ್‌ಸನ್ ಎಳೆದ ಗೆರೆಯೊಳಗೆ ನಿಂತೇ ಹುಡುಗಿಯರು ಚೆಂಡು ಹಿಡಿಯುವುದನ್ನು ಕಲಿತರು. ಕಲಿತ ಮೇಲೆ ಗೆರೆ ಸಾಲದಾಯಿತು. ಗುರುವಿನ ಗೆರೆಯನ್ನು ದಾಟುವಷ್ಟು ಶಿಷ್ಯರು ಬೆಳೆದರೆ ಅದು ಗುರುವಿಗೆ ಅವಮಾನವಲ್ಲ. ಆದ್ದರಿಂದ ಆಕೆಯನ್ನು ಗೌರವಿಸೋಣ. ಆಕೆಯ ಗೆರೆಯನ್ನು ಪೂಜಿಸುವುದು ಬೇಡ.

ಇದು ದೂರದ ಕಥೆಯೆಂದು ಕೈಬಿಡುವಂತಿಲ್ಲ. ೨೦೧೭ರ ಜುಲೈಯಲ್ಲಿ ನಮ್ಮ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣದಲ್ಲಿ ಏಷ್ಯಾ ಕಪ್ಪಿನ ಎರಡನೆಯ ವಿಭಾಗದ ಅಂತಿಮ ಪಂದ್ಯ ನಡೆಯಿತು. ಅನಿತಾ ಪಾಲ್‌ದುರೈ ನಾಯಕತ್ವದ ಭಾರತದ ಹೆಣ್ಣುಮಕ್ಕಳು ಕಝಾಕಸ್ತಾನವನ್ನು ೭೫-೭೩ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿದರು. ಅನಿತಾಗೆ ೨೦೨೧ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ೨೦೧೯ರ ಸೆಪ್ಟೆಂಬರಿನಲ್ಲಿ ಅದೇ ಅಂಗಳದಲ್ಲಿ ಏಷ್ಯಾ ಕಪ್ಪಿನ ಮೇಲಿನ ವಿಭಾಗದ ಪಂದ್ಯಾವಳಿಯೇ ನಡೆಯಿತು. ಅಂದು ಚೀನಾವನ್ನು ೭೧-೬೮ರಿಂದ ಸೋಲಿಸಿ ಕಪ್ ಎತ್ತಿದ್ದು, ಮಾಂಟ್ರಿಯಲ್ಲಿನ ಮೊದಲ ಪಂದ್ಯ ಗೆದ್ದಿದ್ದ ಅದೇ ಜಪಾನ್. ಸ್ಮಿತ್ ಕಾಲೇಜಿನ ಮುಚ್ಚಿದ ಬಾಗಿಲ ಹಿಂದೆ ಆರಂಭವಾದ ಆಟ ನಮ್ಮ ಕಬ್ಬನ್ ಉದ್ಯಾನದ ಮಗ್ಗುಲಿಗೆ ಬಂದು ಮುಟ್ಟಿದೆ.

ಆದರೂ ಪ್ರೌಢಶಾಲೆಯಲ್ಲಿ ಬಹುಕಾಲ ಪಾಠ ಹೇಳಿದವನಾಗಿ ಒಂದು ಮಾತು ಹೇಳಬೇಕು. ಎಂಟನೆಯ ತರಗತಿಯಲ್ಲಿ ಮೈದಾನಕ್ಕೆ ಓಡುವ ಹುಡುಗಿಯರಲ್ಲಿ ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಉಳಿಯುವವರು ಕೆಲವರೇ. ಅವರನ್ನು ತಡೆಯಲು ಯಾವ ನಿಯಮದ ಪುಸ್ತಕವೂ ಇಲ್ಲ; ನೆಲದ ಮೇಲೆ ಯಾವ ಗೆರೆಯೂ ಇಲ್ಲ. ಪರೀಕ್ಷೆ ಹತ್ತಿರ ಬಂತು, ಬಿಸಿಲಿಗೆ ಬಣ್ಣ ಕೆಡುತ್ತದೆ, ಹೊತ್ತಾಯಿತು, ನಾಲ್ಕು ಜನ ಏನೆಂದಾರು, ಇಷ್ಟೇ. ಎಲ್ಲವೂ ಹಿತೈಷಿಗಳ ಮಾತೇ. ಸತ್ತವರಿಗೆ ಮಂದಿರ ಕಟ್ಟುವುದು ಒಂದು ಬಗೆಯ ಗೌರವ. ನಮ್ಮ ಮನೆಯ ಹುಡುಗಿ ಚೆಂಡು ಹಿಡಿದು ಹೊಸ್ತಿಲಲ್ಲಿ ನಿಂತಾಗ, ನಾವು ಎಳೆಯ ಹೊರಟಿರುವ ಗೆರೆ ಸಸಿಗೆ ಕಟ್ಟುವ ಬೇಲಿಯೋ ಮರವನ್ನು ಕೊರೆಯುವ ಮುಳ್ಳೋ ಎಂದು ಒಂದು ಗಳಿಗೆ ಯೋಚಿಸುವುದು ಅದಕ್ಕಿಂತ ದೊಡ್ಡ ಗೌರವ. ಅದಕ್ಕೆ ಕಲ್ಲು ಬೇಡ, ಗಾರೆ ಬೇಡ. "ಹೋಗಿ ಆಡಿ ಬಾ ಮಗಳೆ" ಎಂಬ ಒಂದು ಮಾತು ಸಾಕು.